ನೆಗೊಂಬೊದಿಂದ ಅಮ್ಮನಿಗೆ

ನೆಗೊಂಬೊ, ಶ್ರೀಲಂಕಾ
27 ಏಪ್ರಿಲ್ 2025, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಮಸ್ಕಾರಗಳು. ನಾನು ಕ್ಷೇಮವಾಗಿದ್ದೇನೆ. ಅಪ್ಪನಿಗೂ ದೊಡ್ಡಮ್ಮನಿಗೂ ನನ್ನ ನಮಸ್ಕಾರ ತಿಳಿಸಿ. ಪುಟ್ಟಿಗೆ ಮಾವನ ಮುತ್ತುಗಳು.

ನಿಮ್ಮ ಪತ್ರ ಪವಿತ್ರ ವಾರದಲ್ಲಿಯೇ ಕೈಸೇರಿತು. ಈಸ್ಟರ್ ಹಬ್ಬದ ದಿನ, ಹಿಂದೆ ಬಾಂಬು ಸಿಡಿದಿದ್ದ ಕಟುವಾಪಿಟಿಯದ ಚರ್ಚಿಗೆ ಹೋಗಬೇಡ, ಮನೆಯಲ್ಲಿಯೇ ಟಿವಿಯಲ್ಲಿ ಪೂಜೆ ನೋಡು ಎಂದು ಬರೆದಿದ್ದೀರಿ. ಅಮ್ಮ, ನಾನು ಹೋಗಿದ್ದೆ, ಏನೂ ಆಗಲಿಲ್ಲ. ಗೇಟಿನಲ್ಲಿ ಪೊಲೀಸರು ನಿಂತಿದ್ದರು, ಅವರ ಜೊತೆ ಊರಿನ ಹುಡುಗರೂ ನಿಂತು ಪ್ರತಿಯೊಬ್ಬರ ಚೀಲವನ್ನು ತೆರೆದು ನೋಡಿಯೇ ಒಳಗೆ ಬಿಡುತ್ತಿದ್ದರು. ಅಷ್ಟು ಕಾವಲಿರುವ ಪೂಜೆಯನ್ನು ನಾನು ನಮ್ಮ ಕಡೆ ಎಲ್ಲಿಯೂ ಕಂಡಿಲ್ಲ. ಊಟ, ನಿದ್ದೆ, ಆರೋಗ್ಯ ಎಲ್ಲವೂ ಸರಿಯಾಗಿವೆ. ಕಾರ್ಖಾನೆಯಲ್ಲಿಯೂ ತೊಂದರೆಯಿಲ್ಲ, ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತಿದೆ. ದಯವಿಟ್ಟು ನನ್ನ ಬಗ್ಗೆ ರಾತ್ರಿಯೆಲ್ಲ ಎಚ್ಚರವಿರಬೇಡಿ.

ನಮ್ಮ ಊರಿನಲ್ಲಿ ಶ್ರೀಲಂಕಾ ಎಂದರೆ ರಾವಣನ ನಾಡು, ಇಲ್ಲವೇ ಬೌದ್ಧರ ನಾಡು ಎಂದಷ್ಟೇ ತಿಳಿದವರು ಹೆಚ್ಚು. ಅಲ್ಲಿ ಹೋಗಿ ಪೂಜೆಗೆ ಏನು ಮಾಡುತ್ತೀಯೆ ಎಂದು ಚಿಕ್ಕಪ್ಪ ಕೇಳಿದ್ದು ನೆನಪಿದೆ. ಅವರಿಗೆ ಹೇಳಿ, ನೆಗೊಂಬೊವನ್ನು ಇಲ್ಲಿಯವರು ಪುಟ್ಟ ರೋಮ್ ಎಂದು ಕರೆಯುತ್ತಾರೆ. ದಾರಿಗಳು ಕೂಡುವಲ್ಲೆಲ್ಲ ಗಾಜಿನ ಗೂಡಿನಲ್ಲಿ ದೇವಮಾತೆಯೋ ಸಂತ ಸೆಬಾಸ್ಟಿಯನ್ನರೋ ನಿಂತಿರುತ್ತಾರೆ. ಆಟೋ ಓಡಿಸುವವರು ಅಲ್ಲಿ ವೇಗ ತಗ್ಗಿಸಿ ಶಿಲುಬೆಯ ಗುರುತು ಮಾಡಿಕೊಂಡೇ ಮುಂದೆ ಹೋಗುತ್ತಾರೆ. ಭಾನುವಾರ ಬೆಸ್ತರ ದೋಣಿಗಳು ಕಡಲಿಗಿಳಿಯುವುದಿಲ್ಲ. ಮಂಗಳೂರು, ಬಸ್ರೂರು, ಗಂಗೊಳ್ಳಿ ಕಡೆ ಸೇವೆ ಮಾಡಿದ ನಮ್ಮ ಸಂತ ಜೋಸೆಫ್ ವಾಜ್ ಅವರೇ ಮುಂದೆ 1687ರಲ್ಲಿ ಭಿಕ್ಷುಕನ ವೇಷದಲ್ಲಿ ಈ ದ್ವೀಪಕ್ಕೆ ಬಂದವರು. ಡಚ್ಚರ ಆಳ್ವಿಕೆಯಲ್ಲಿ ಕಥೋಲಿಕ ಪೂಜೆಗೆ ನಿಷೇಧವಿದ್ದ ಕಾಲವದು. ಗುರುಗಳೇ ಇಲ್ಲದೆ ಸುಮಾರು ಮೂವತ್ತು ವರ್ಷ ಮನೆಯೊಳಗೇ ಪ್ರಾರ್ಥನೆ ಹೇಳಿಕೊಂಡು ಉಳಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಇವರು. ಹಿರಿಯರು ಈ ಮಾತನ್ನು ನಿನ್ನೆ ಮೊನ್ನೆ ನಡೆದದ್ದೆಂಬಂತೆ ಹೇಳುತ್ತಾರೆ, ಕೇಳಲು ನನಗೂ ಹೆಮ್ಮೆಯಾಗುತ್ತದೆ.

ಇನ್ನು ಅಕ್ಕನ ವಿಷಯ. ಭಾವ ತೀರಿಕೊಂಡ ಮೇಲೆ ಅವಳು ಚರ್ಚಿನ ಮೆಟ್ಟಿಲು ಹತ್ತಿಲ್ಲ, ಯೇಸುವಿನ ಪವಿತ್ರ ಹೃದಯದ ಪಟವನ್ನು ಗೋಡೆಯಿಂದ ಇಳಿಸಿ ಪೆಟ್ಟಿಗೆಯಲ್ಲಿಟ್ಟಿದ್ದಾಳೆ, ಗರಿಗಳ ಭಾನುವಾರವೂ ಬಾಗಿಲು ಹಾಕಿಕೊಂಡು ಮಲಗಿದ್ದಳು, ಊರಿನವರೆಲ್ಲ ಕೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ದೇವರಿದ್ದಿದ್ದರೆ ಹೀಗೆ ಮಾಡುತ್ತಿದ್ದನೇ ಎಂದು ಅವಳು ಪುಟ್ಟಿಯ ಎದುರಿಗೇ ಕೇಳಿದ್ದು ನಿಮ್ಮನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದೆ. ನೀನು ತಮ್ಮ, ನಿನ್ನ ಮಾತು ಕೇಳುತ್ತಾಳೆ, ಗಟ್ಟಿಯಾಗಿ ನಾಲ್ಕು ಮಾತು ಬರೆ, ಚರ್ಚಿನೊಳಗೇ ಮಕ್ಕಳನ್ನು ಕಳೆದುಕೊಂಡ ಜನ ಹೇಗೆ ನಂಬಿಕೆ ಉಳಿಸಿಕೊಂಡರೆಂದು ತಿಳಿಸಿ ಹೇಳು ಎಂದಿದ್ದೀರಿ. ಅಮ್ಮ, ಆ ಜನರ ನಡುವೆ ಇರುವುದರಿಂದಲೇ ಅವಳನ್ನು ಗದರಿಸಿ ಬರೆಯಲು ನನ್ನಿಂದಾಗದು. ಇಲ್ಲಿ ನಾನು ಕಂಡದ್ದನ್ನು ನಿಮಗೆ ಬರೆಯುತ್ತೇನೆ, ಓದಿದ ಮೇಲೆ ನಿಮಗೂ ಹಾಗೆಯೇ ಅನ್ನಿಸಬಹುದು.

2019ರ ಏಪ್ರಿಲ್ 21ರಂದು ನಡೆದದ್ದನ್ನು ನೀವೂ ಟಿವಿಯಲ್ಲಿ ನೋಡಿದ್ದಿರಿ. ಈಸ್ಟರ್ ಭಾನುವಾರದ ಒಂದೇ ಬೆಳಗಿನಲ್ಲಿ ಕೊಲಂಬೊದ ಕೊಚ್ಚಿಕಡೆಯ ಸಂತ ಅಂತೋಣಿಯವರ ದೇವಾಲಯ, ಇಲ್ಲಿನ ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ನರ ದೇವಾಲಯ, ಪೂರ್ವ ಕರಾವಳಿಯ ಬಟ್ಟಿಕಲೋವಾದ ಪ್ರೊಟೆಸ್ಟಂಟರ ಜಿಯೋನ್ ಚರ್ಚು ಮತ್ತು ಕೊಲಂಬೊದ ಮೂರು ದೊಡ್ಡ ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬುಗಳು ಸಿಡಿದು 260ಕ್ಕೂ ಹೆಚ್ಚು ಜನ ಸತ್ತರು. ಕಟುವಾಪಿಟಿಯದಲ್ಲಿ ಸತ್ತವರೇ ಅತ್ಯಧಿಕ. ಒಂದೇ ಬೀದಿಯ ಹಲವು ಮನೆಗಳಲ್ಲಿ ಶವಪೆಟ್ಟಿಗೆ ಇಟ್ಟಿದ್ದ ವಾರದಲ್ಲಿ ಯಾರು ಯಾರ ಮನೆಗೆ ಹೋಗಿ ಅಳಬೇಕೆಂದೇ ತಿಳಿಯಲಿಲ್ಲವೆಂದು ಇಲ್ಲಿಯವರು ಹೇಳುತ್ತಾರೆ. ಇನ್ನೂ ದಾಳಿಯಾಗುವ ಭಯವಿದ್ದುದರಿಂದ ದೇಶದ ಚರ್ಚುಗಳೆಲ್ಲ ಮುಚ್ಚಿದ್ದವು. ಮುಂದಿನ ಭಾನುವಾರ ಕೊಲಂಬೊದ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಮಾಲ್ಕಂ ರಂಜಿತ್ ಅವರು ತಮ್ಮ ನಿವಾಸದಲ್ಲಿ ಅರ್ಪಿಸಿದ ಬಲಿಪೂಜೆಯನ್ನು ಜನ ಟಿವಿಯ ಮುಂದೆ ಮೊಣಕಾಲೂರಿ ನೋಡಿದರು. ಮುಂದೆ ಸೈನಿಕರೇ ದುಡಿದು ಕಟ್ಟಿಕೊಟ್ಟ ಕಟುವಾಪಿಟಿಯದ ದೇವಾಲಯವು ಜುಲೈ 21ರಂದು, ಸರಿಯಾಗಿ ಮೂರು ತಿಂಗಳಿಗೆ, ಮತ್ತೆ ತೆರೆಯಿತು. ಬಾಂಬು ಸಿಡಿದ ದಿನ ರಕ್ತದ ಹನಿಗಳು ಚಿಮ್ಮಿದ್ದ ಪುನರುತ್ಥಿತ ಯೇಸುವಿನ ಪ್ರತಿಮೆಯನ್ನು ಅವರು ತೊಳೆಯಲಿಲ್ಲ. ಕಲೆಗಳು ಇದ್ದಂತೆಯೇ ಗಾಜಿನೊಳಗೆ ಇಟ್ಟಿದ್ದಾರೆ. ಆದದ್ದನ್ನು ಆಗಲಿಲ್ಲವೆಂಬಂತೆ ಸುಣ್ಣ ಬಳಿದು ಮುಚ್ಚುವುದು ಇಲ್ಲಿಯವರ ಭಕ್ತಿಯಲ್ಲಿ ಇಲ್ಲ. ನನಗೆ ಇವರ ಮೇಲೆ ಮೊದಲು ಗೌರವ ಮೂಡಿದ್ದೇ ಅದರಿಂದ.

ನಮ್ಮ ಮನೆಯೊಡತಿಯ ಬಗ್ಗೆ ಹಿಂದೆಯೂ ಬರೆದಿದ್ದೆ. ಅವರ ಯಜಮಾನರೂ ಕಿರಿಯ ಮಗಳೂ ಆ ದಿನ ಚರ್ಚಿನಲ್ಲಿಯೇ ತೀರಿಕೊಂಡರು. ಅಳುತ್ತಿದ್ದ ಮೊಮ್ಮಗುವನ್ನು ಎತ್ತಿಕೊಂಡು ಹೊರಗಿನ ಅಂಗಳದಲ್ಲಿ ನಿಂತಿದ್ದರಿಂದ ಇವರು ಉಳಿದರು. ಆದರೆ ನಿಮಗೆ ತಿಳಿಸದಿದ್ದ ಸಂಗತಿಯೊಂದಿದೆ. ಇವರು ಒಂದು ವರ್ಷಕ್ಕೂ ಹೆಚ್ಚು ಕಾಲ ಚರ್ಚಿನ ಒಳಗೆ ಕಾಲಿಡಲಿಲ್ಲ. ಮನೆಯ ಪೀಠದ ಮುಂದೆ ದೀಪ ಹಚ್ಚಲಿಲ್ಲ. ಗುರುಗಳು ಮನೆಗೆ ಬಂದಾಗ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಈಗ ಪ್ರತಿದಿನ ಬೆಳಗ್ಗೆ ಪೂಜೆಗೆ ಹೋಗುವ ಈ ತಾಯಿ ಆಗ ಹಾಗಿದ್ದರೆಂದು ಅವರ ಬಾಯಿಂದಲೇ ಕೇಳಿದಾಗ ನನಗೆ ನಮ್ಮ ಅಕ್ಕನೇ ಕಣ್ಣ ಮುಂದೆ ಬಂದಳು.

ಆ ಕಾಲದಲ್ಲಿ ಅಕ್ಕಪಕ್ಕದವರು ಏನು ಮಾಡಿದರೆಂದು ಕೇಳಿದೆ. ಸಂಜೆಯ ಹೊತ್ತು ಐದಾರು ಹೆಂಗಸರು ಬಂದು ಇವರ ಮನೆಯ ಜಗಲಿಯ ಮೇಲೆ ಕುಳಿತು ಜಪಸರ ಹೇಳುತ್ತಿದ್ದರಂತೆ. ಇವರು ಒಳಗೆ ಬಾಗಿಲು ಹಾಕಿಕೊಂಡು ಕುಳಿತಿರುತ್ತಿದ್ದರು. ಹೊರಗಿನವರು ಒಮ್ಮೆಯೂ ಬಾಗಿಲು ತಟ್ಟಲಿಲ್ಲ, ಬನ್ನಿ ಎಂದು ಕರೆಯಲಿಲ್ಲ, ಯಾಕೆ ಬರುವುದಿಲ್ಲವೆಂದು ಕೇಳಲಿಲ್ಲ. ಜಪ ಮುಗಿಸಿ, ಮೊಮ್ಮಗುವಿಗೆ ತಂದಿದ್ದ ತಿಂಡಿಯನ್ನು ಕಿಟಕಿಯ ಬಳಿ ಇಟ್ಟು ಹೋಗುತ್ತಿದ್ದರು. ಕೊರೋನಾದ ನಿರ್ಬಂಧ ಬಂದ ಮೇಲೆ ಪಕ್ಕದ ಮನೆಯವರೊಬ್ಬರೇ ಬೇಲಿಯ ಆಚೆ ನಿಂತು ಹೇಳುತ್ತಿದ್ದರಂತೆ. ಒಂದು ಸಂಜೆ ದೇವಮಾತೆಯ ಪ್ರಾರ್ಥನಾಮಾಲೆ ಹೇಳುವಾಗ ಅವರು ಒಂದು ಸಾಲು ಬಿಟ್ಟು ಮುಂದಕ್ಕೆ ಹೋದಾಗ ಈ ತಾಯಿ ಒಳಗಿನಿಂದಲೇ ಆ ಸಾಲನ್ನು ಹೇಳಿದರಂತೆ. ಹೊರಗಿದ್ದವರು ಏನೂ ಆಗದವರಂತೆ ಅದಕ್ಕೆ ಉತ್ತರ ಕೊಟ್ಟು ಮುಂದುವರಿಸಿದರು. ಚರ್ಚಿಗೆ ಹೋಗಲು ಅವರಿಗೆ ಆಮೇಲೂ ಬಹಳ ತಿಂಗಳು ಬೇಕಾಯಿತು.

ಅಮ್ಮ, ಇದನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಆ ಒಂದು ವರ್ಷ ಈ ತಾಯಿಯ ನಂಬಿಕೆಯನ್ನು ಉಳಿಸಿದವರು ಆ ಹೆಂಗಸರು. ಅವರ ಮನೆಗಳಲ್ಲಿಯೂ ಸಾವು ಆಗಿತ್ತು, ಯಾರ ಹತ್ತಿರವೂ ಉತ್ತರವಿರಲಿಲ್ಲ. ಪ್ರಾರ್ಥಿಸಲಾಗದವಳ ಬದಲಿಗೆ ಅವಳ ಜಗಲಿಯಲ್ಲಿ ಕುಳಿತು ಅವರು ಪ್ರಾರ್ಥಿಸಿದರು. ಪೂಜೆಯಲ್ಲಿ ನಾವು ಹೇಳುತ್ತೇವಲ್ಲ, ನಮ್ಮ ಪಾಪಗಳನ್ನು ನೋಡದೆ ನಿನ್ನ ಧರ್ಮಸಭೆಯ ವಿಶ್ವಾಸವನ್ನು ಲಕ್ಷಿಸು ಎಂದು, ಆ ಪ್ರಾರ್ಥನೆಯ ಅರ್ಥ ಇಲ್ಲಿಗೆ ಬಂದ ಮೇಲೆ ನನಗೆ ಆಗತೊಡಗಿತು. ಒಬ್ಬರಲ್ಲಿ ಬತ್ತಿದಾಗ ಉಳಿದವರದು ಅವರಿಗೂ ಸಲ್ಲುತ್ತದೆ. ಊರಿನವರೆಲ್ಲ ಕೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಕೇಳುವವರಿಗೆ ಹೇಳಿ, ಸಂಜೆ ಬಂದು ಜಗಲಿಯಲ್ಲಿ ಕುಳಿತು ಒಂದು ಜಪಸರ ಹೇಳಿ ಹೋಗಿ ಎಂದು.

ಎಲ್ಲರೂ ಹಿಂದಿರುಗಿದ್ದಾರೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ನಮ್ಮ ಹಿಂದಿನ ಬೀದಿಯವರೊಬ್ಬರು ಮಗನನ್ನು ಕಳೆದುಕೊಂಡವರು, ಇಂದಿಗೂ ಪೂಜೆಗೆ ಬರುವುದಿಲ್ಲ. ಪ್ರತಿ ವರ್ಷ ಏಪ್ರಿಲ್ 21ರಂದು ಸಮಾಧಿಯ ಬಳಿ ಮಾತ್ರ ಬಂದು ನಿಂತು ಹೋಗುತ್ತಾರೆ. ಅವರ ಬಗ್ಗೆ ಒಬ್ಬರೂ ಕೆಟ್ಟ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಹಬ್ಬದ ದಿನ ಅವರ ಮನೆಗೂ ಎಲ್ಲರ ಮನೆಗೆ ಹೋದಂತೆಯೇ ತಿಂಡಿ ಹೋಗುತ್ತದೆ.

ಅಕ್ಕ ಕೇಳಿದ ಪ್ರಶ್ನೆಗೆ ನೀವು ಹೆದರಬೇಡಿ. ಶಿಲುಬೆಯ ಮೇಲೆ ಸ್ವತಃ ಯೇಸುಸ್ವಾಮಿಯೂ ನನ್ನ ದೇವರೇ, ನನ್ನ ದೇವರೇ, ನನ್ನನ್ನೇಕೆ ಕೈಬಿಟ್ಟೆ ಎಂದು ಕೂಗಿಲ್ಲವೇ? ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಇಲ್ಲಿಯ ಹೆಂಗಸರು ಗುಂಪಾಗಿ ಕುಳಿತು ಪಾಸನ್ ಎಂಬ ಶೋಕಗೀತೆಗಳನ್ನು ಎಳೆದು ಎಳೆದು ಹಾಡುತ್ತಾರೆ. ಸಂತ ಜೋಸೆಫ್ ವಾಜ್ ಅವರ ಹಿಂದೆಯೇ ಗೋವಾದಿಂದ ಬಂದ ಫಾದರ್ ಜಾಕೋಮ್ ಗೊನ್ಸಾಲ್ವಿಸ್ ಅವರು ಸಿಂಹಳದಲ್ಲಿ ಕಟ್ಟಿಕೊಟ್ಟ ಪರಂಪರೆಯದು. ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ಮಾತೆ ಮರಿಯಳ ಅಳು ಅದರಲ್ಲಿದೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಅದನ್ನು ಹಾಡುವುದನ್ನು ಈ ವರ್ಷ ಶುಭ ಶುಕ್ರವಾರ ಕೇಳಿದೆ. ಅವರು ಯಾರಿಗಾಗಿ ಅಳುತ್ತಿದ್ದಾರೆಂದು ಬೇರ್ಪಡಿಸಿ ಹೇಳಲು ಸಾಧ್ಯವಿರಲಿಲ್ಲ. ಅಳುವುದಕ್ಕೂ ದೇವರನ್ನು ಏಕೆ ಎಂದು ಕೇಳುವುದಕ್ಕೂ ನಮ್ಮ ಧರ್ಮದಲ್ಲಿಯೇ ಜಾಗವಿರುವಾಗ ಅಕ್ಕ ಹೊರಗೆ ಹೋಗಿದ್ದಾಳೆಂದು ನಾವೇಕೆ ತಿಳಿಯಬೇಕು?

ಈಗ ಬರೆಯುವುದು ಅಪ್ಪನಿಗೆ ಕಹಿಯಾಗಬಹುದು, ಆದರೂ ಬರೆಯಲೇಬೇಕು. ಭಾವನನ್ನು ಆ ರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಮುಂಗಡ ಹಣ ಕಟ್ಟುವ ತನಕ ಒಳಗೆ ಸೇರಿಸಿಕೊಳ್ಳದೆ ನಿಲ್ಲಿಸಿದ್ದರೆಂದು ಅಕ್ಕ ಮೊದಲ ದಿನದಿಂದಲೂ ಹೇಳುತ್ತಿದ್ದಾಳೆ. ದೂರು ಕೊಡುತ್ತೇನೆ ಎಂದಾಗ ನಾವೆಲ್ಲ ಸೇರಿ ದೇವರ ಚಿತ್ತ, ಬಿಟ್ಟುಬಿಡು ಎಂದೆವು. ಅವಳು ದೇವರ ಮೇಲೆ ಮುನಿದದ್ದು ಅಲ್ಲಿಂದಲೇ ಎಂದು ನನ್ನ ನಂಬಿಕೆ. ಮನುಷ್ಯರ ತಪ್ಪನ್ನು ದೇವರ ತಲೆಗೆ ಕಟ್ಟಿದರೆ ನೊಂದವರು ಇನ್ನು ಯಾರ ಮೇಲೆ ಮುನಿಯಬೇಕು?

ಇಲ್ಲಿಯವರು ಹಾಗೆ ಬಿಟ್ಟುಬಿಡಲಿಲ್ಲ. ಬಾಂಬು ಸಿಡಿದ ಮರುವಾರಗಳಲ್ಲಿ, ದಾಳಿ ಮಾಡಿದವರು ಮುಸ್ಲಿಮ್ ಉಗ್ರರೆಂಬ ಸಿಟ್ಟಿಗೆ ನೆಗೊಂಬೊದಲ್ಲಿ ಮುಸ್ಲಿಮರ ಮನೆ, ಅಂಗಡಿಗಳ ಮೇಲೆ ಕಲ್ಲು ಬಿದ್ದಾಗ ಕಾರ್ಡಿನಲರೇ ಬಂದು ಯಾರೂ ಕೈಯೆತ್ತಬೇಡಿ ಎಂದು ಬೇಡಿಕೊಂಡರು. ಮರುವರ್ಷದ ಈಸ್ಟರಿನಲ್ಲಿ, ಕೊಂದವರನ್ನು ಕ್ಷಮಿಸಿದ್ದೇವೆ ಎಂದರು. ಅದೇ ಕಾರ್ಡಿನಲರು, ಮುನ್ಸೂಚನೆಯಿದ್ದೂ ತಡೆಯದವರು ಯಾರು, ಹಿಂದೆ ನಿಂತವರು ಯಾರು ಎಂದು ಕೇಳುವುದನ್ನು ಇಂದಿಗೂ ಬಿಟ್ಟಿಲ್ಲ. 2021ರ ಮಾರ್ಚ್ 7ರಂದು ದೇಶದ ಕಥೋಲಿಕರು ಕಪ್ಪು ಬಟ್ಟೆ ಧರಿಸಿ ಪೂಜೆಗೆ ಹೋಗಿ ನ್ಯಾಯ ಕೇಳಿದರು. 2022ರಲ್ಲಿ ಗಾಯಗೊಂಡವರೂ ಮನೆಯವರನ್ನು ಕಳೆದುಕೊಂಡವರೂ ರೋಮಿಗೆ ಹೋದಾಗ ಪೋಪ್ ಫ್ರಾನ್ಸಿಸ್ ಅವರು ಸತ್ಯ ಹೊರಬರಲೇಬೇಕೆಂದು ಇವರ ಪರವಾಗಿ ಬಹಿರಂಗವಾಗಿ ಕೇಳಿಕೊಂಡರು. ಇಲ್ಲಿಯ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆಯೂ ಇದ್ದರು, ಗುರುಗಳೂ ಇದ್ದರು. 2023ರ ಜನವರಿ 12ರಂದು ತೀರ್ಪು ಬಂದು, ದಾಳಿಯ ಕಾಲದಲ್ಲಿ ಅಧ್ಯಕ್ಷರಾಗಿದ್ದ ಮೈತ್ರಿಪಾಲ ಸಿರಿಸೇನ ಅವರು ಅದನ್ನು ತಡೆಯದಿದ್ದಕ್ಕೆ ಸ್ವಂತ ಹಣದಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶವಾಯಿತು. ದಾಳಿಗೆ ಮೊದಲೇ ಎಚ್ಚರಿಕೆ ಕಳಿಸಿದ್ದದ್ದು ನಮ್ಮ ಭಾರತ. ಅದನ್ನು ಇಲ್ಲಿಯವರು ನನಗೆ ಆಗಾಗ ಹೇಳುತ್ತಾರೆ, ನಿಮ್ಮ ದೇಶ ಹೇಳಿತ್ತು, ನಮ್ಮವರು ಕೇಳಲಿಲ್ಲ ಎಂದು.

ಕ್ಷಮಿಸಿದ ಮೇಲೆ ಕೋರ್ಟು ಯಾಕೆ ಎಂದು ನಾನು ಮನೆಯೊಡತಿಯನ್ನು ಕೇಳಿದ್ದೆ. ಸತ್ತವರಿಗಾಗಿ ಸತ್ಯ ಕೇಳುವುದು ಪ್ರಾರ್ಥನೆಯ ಒಂದು ಭಾಗ, ಅದನ್ನು ಬಿಟ್ಟಿದ್ದರೆ ನಾನು ಮತ್ತೆ ಚರ್ಚಿಗೆ ಹೋಗುತ್ತಿರಲಿಲ್ಲ ಎಂದರು. ಆದುದರಿಂದ, ಅಮ್ಮ, ಅಕ್ಕ ದೂರು ಕೊಡಲಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷಗಳ ಅವಧಿಯಿದೆ, ಇನ್ನೂ ಕಾಲ ಮೀರಿಲ್ಲ. ಆಸ್ಪತ್ರೆಯ ರಸೀದಿಗಳನ್ನೆಲ್ಲ ಒಂದು ಕಡೆ ಜೋಡಿಸಿ ಇಡಲು ಹೇಳಿ. ವಕೀಲರ ಖರ್ಚು ನನ್ನದು. ಹಣ ಎಲ್ಲಿಂದ ತರುತ್ತಾನೆಂದು ಚಿಂತಿಸಬೇಡಿ, ನನ್ನ ಬಳಿ ಉಳಿತಾಯವಿದೆ, ಮುಂದಿನ ವಾರವೇ ಬ್ಯಾಂಕಿಗೆ ಹಾಕುತ್ತೇನೆ. ಗೆದ್ದರೂ ಸೋತರೂ ಅವಳ ಜೊತೆ ಮನೆಯವರು ನಿಂತರೆಂಬುದು ಅವಳಿಗೆ ತಿಳಿಯಬೇಕು. ಅಪ್ಪನಿಗೆ ಇದನ್ನು ನೀವೇ ಸಮಾಧಾನವಾಗಿ ಹೇಳಿ.

ಮೊನ್ನೆ ಸೋಮವಾರ ಆರನೆಯ ವರ್ಷದ ಸ್ಮರಣೆ ನಡೆಯಿತು. ಆ ದಿನ ಸತ್ತವರಲ್ಲಿ 167 ಮಂದಿ ಕಥೋಲಿಕರ ಹೆಸರುಗಳನ್ನು ವ್ಯಾಟಿಕನ್ ವಿಶ್ವಾಸದ ಸಾಕ್ಷಿಗಳ ಪಟ್ಟಿಗೆ ಸೇರಿಸಿದೆ ಎಂದು ಕಾರ್ಡಿನಲರು ತಿಳಿಸಿದರು. ಸಂತರೆಂದು ಘೋಷಿಸಿದಂತಲ್ಲ ಅದು, ಆದರೂ ಇಲ್ಲಿಯವರಿಗೆ ಅದು ಸಣ್ಣ ಮಾತಲ್ಲ. ಮನೆಯೊಡತಿ ಯಜಮಾನರ ಮತ್ತು ಮಗಳ ಫೋಟೋಗಳನ್ನು ಒರೆಸಿ ಹೊಸ ಹೂವಿನ ಹಾರ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಪೋಪ್ ಫ್ರಾನ್ಸಿಸ್ ತೀರಿಕೊಂಡ ಸುದ್ದಿ ಬಂತು. ಹತ್ತು ವರ್ಷಗಳ ಹಿಂದೆ ಕೊಲಂಬೊದ ಕಡಲತೀರದಲ್ಲಿ ಜೋಸೆಫ್ ವಾಜ್ ಅವರನ್ನು ಸಂತರೆಂದು ಸಾರಿದವರು ಅವರೇ, ನಮ್ಮ ದುಃಖಕ್ಕೆ ಕಿವಿಗೊಟ್ಟವರೂ ಅವರೇ, ನಮ್ಮವರು ಹೋದ ದಿನಾಂಕದಂದೇ ಅವರೂ ಹೋದರು ಎಂದು ಹೇಳಿಕೊಂಡು ಜನ ಅತ್ತರು. ನಿನ್ನೆ ಅವರ ಅಂತ್ಯಕ್ರಿಯೆಯನ್ನು ಬೀದಿಯವರೆಲ್ಲ ನಮ್ಮ ಮನೆಯ ಟಿವಿಯಲ್ಲಿ ಸೇರಿ ನೋಡಿದರು. ಪೂಜೆಗೆ ಬಾರದ ಆ ಹಿಂದಿನ ಬೀದಿಯವರೂ ಬಂದು ಬಾಗಿಲ ಬಳಿ ಕುಳಿತಿದ್ದರು.

ಪುಟ್ಟಿ ಪೂಜೆಯಲ್ಲಿ ಮೊದಲ ಬಾರಿ ಪರಮಪ್ರಸಾದ ಸ್ವೀಕರಿಸುವ ಹಬ್ಬವನ್ನು ಮೇ ತಿಂಗಳಲ್ಲಿಯೇ ಮಾಡಬೇಕೋ ಮುಂದೂಡಬೇಕೋ ಎಂದು ಕೇಳಿದ್ದೀರಿ. ಅದನ್ನು ಅಕ್ಕನನ್ನೇ ಕೇಳಿ. ಮಾಡಿ ಎಂದರೆ ಮಾಡಿ. ಅವಳು ಚರ್ಚಿಗೆ ಬರದಿದ್ದರೂ ಅದನ್ನು ದೊಡ್ಡದು ಮಾಡಬೇಡಿ, ಪುಟ್ಟಿಯ ಪಕ್ಕದಲ್ಲಿ ನೀವು ನಿಲ್ಲಿ. ಬೇಡ ಎಂದರೆ ಫಾದರ್ ಅವರಿಗೆ ಹೇಳಿ, ಬೇರೆ ಭಾನುವಾರ ಕೊಡಲು ಅವರು ಇಲ್ಲವೆನ್ನಲಾರರು. ಪಟವನ್ನು ಪೆಟ್ಟಿಗೆಯಿಂದ ತೆಗೆದು ನೀವೇ ಮತ್ತೆ ಗೋಡೆಗೆ ಹಾಕಬೇಡಿ, ಅವಳ ಕೈಯಿಂದ ಇಳಿದದ್ದು ಅವಳ ಕೈಯಿಂದಲೇ ಏರಲಿ. ಜೂನ್ 13ಕ್ಕೆ ಸಂತ ಅಂತೋಣಿಯವರ ಹಬ್ಬಕ್ಕೆ ದೋರನಹಳ್ಳಿಗೆ ಹೋಗುವಾಗ ಅವಳನ್ನೂ ಕರೆಯಿರಿ, ಒಂದು ಸಲ ಮಾತ್ರ. ಅಂತೋಣಿಯವರ ಬಳಿಗೆ ಯಾರು ಯಾರೋ ಬರುತ್ತಾರೆ, ಯಾವ ಮನಸ್ಸಿನಲ್ಲಿ ಬಂದೆ ಎಂದು ಅಲ್ಲಿ ಕೇಳುವವರಿಲ್ಲ. ಕೊಚ್ಚಿಕಡೆಯಲ್ಲಿಯೂ ಹಾಗೆಯೇ, ಮಂಗಳವಾರ ಹಿಂದೂಗಳೂ ಬೌದ್ಧರೂ ಸಾಲಿನಲ್ಲಿ ನಿಂತಿರುತ್ತಾರೆ. ಭಾವನ ಹೆಸರಿನಲ್ಲಿ ನಾನು ಅಲ್ಲಿ ಒಂದು ಪೂಜೆಗೆ ಕೊಟ್ಟಿದ್ದೇನೆ. ಅಕ್ಕನಿಗೆ ಈಗಲೇ ಹೇಳಬೇಡಿ, ಅವಳೇ ಕೇಳಿದರೆ ಮಾತ್ರ ಹೇಳಿ.

ಈ ಪತ್ರವನ್ನು ಸಂಜೆಯ ವಿಮಾನಕ್ಕೆ ಬೆಂಗಳೂರಿಗೆ ಹೊರಟಿರುವ ನಮ್ಮ ಕಾರ್ಖಾನೆಯವರ ಕೈಯಲ್ಲಿ ಕಳಿಸುತ್ತಿದ್ದೇನೆ, ಅವರು ಆಗಲೇ ಗೇಟಿನ ಬಳಿ ಬಂದು ಕರೆಯುತ್ತಿದ್ದಾರೆ. ಚಹಾ ಪುಡಿಯ ಪೊಟ್ಟಣಗಳಿವೆ, ಒಂದನ್ನು ದೊಡ್ಡಮ್ಮನಿಗೆ ಕೊಡಿ. ಪುಟ್ಟಿಯ ಬಿಳಿ ಉಡುಪಿನ ಬಟ್ಟೆಯೂ ಅದೇ ಚೀಲದಲ್ಲಿದೆ, ಅಳತೆ ನೋಡಿ ಹೊಲಿಸಿ. ನಿಮ್ಮ ಬಿಪಿ ಮಾತ್ರೆ ತಪ್ಪಿಸಬೇಡಿ. ನಾನು ನಿಜವಾಗಿಯೂ ಚೆನ್ನಾಗಿದ್ದೇನೆ. ಕ್ರಿಸ್‌ಮಸ್ಸಿಗೆ ರಜೆ ಸಿಗುತ್ತದೆ, ಖಂಡಿತ ಬರುತ್ತೇನೆ. ಅಕ್ಕನಿಗೆ ಬೇರೆಯಾಗಿ ಬರೆಯುತ್ತೇನೆ, ದೂರಿನ ವಿಷಯ ಮಾತ್ರ ಬರೆಯುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗ